ದಾರವಿಲ್ಲದ ಹೊಲಿಗೆ

"ಮೂರು ದಿನ ಆಯ್ತಮ್ಮ, ಒಂದು ತುತ್ತೂ ಮುಟ್ಟಿಲ್ಲ," ಎಂದರು ಮೇಷ್ಟ್ರು ಫೋನಿನಲ್ಲಿ.

ಟೈಲರಮ್ಮನ ಬಾಯಲ್ಲಿ ಎರಡು ಗುಂಡುಪಿನ್ನುಗಳಿದ್ದವು. ಯಾರದೋ ಪ್ಯಾಂಟಿನ ಅಂಚು ಮಡಿಚುತ್ತಿದ್ದವಳು ಅದನ್ನು ಬಿಟ್ಟು, ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವಳ ಮನೆಯಿಂದ ಅವರ ಮನೆಗೆ ಹೋದ ನಾಯಿ ನೀರು ಕುಡಿಯುತ್ತಿದೆಯಂತೆ, ಹಗಲೆಲ್ಲ ಬಾಗಿಲ ಹತ್ತಿರ ಮಲಗಿರುತ್ತದಂತೆ, ಬಟ್ಟಲು ಮುಂದಿಟ್ಟರೆ ಮುಖ ಆ ಕಡೆ ತಿರುಗಿಸುತ್ತದಂತೆ. ಡಾಕ್ಟರು ನೋಡಿ ರೋಗವೇನೂ ಇಲ್ಲ ಅಂದಿದ್ದರು. ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಒಬ್ಬರೇ ಇರುವವರು. ಈ ನಾಯಿಗಾಗಿ ಎರಡು ತಿಂಗಳು ಕಾದಿದ್ದರು.

"ನಾಳೆ ಬೆಳಿಗ್ಗೆವರೆಗೂ ನೋಡ್ತೀನಿ. ಆಗ್ಲೂ ತಿನ್ನಲಿಲ್ಲ ಅಂದ್ರೆ ನಿಮ್ಮ ಹತ್ರಾನೇ ತಂದುಬಿಡ್ತೀನಮ್ಮ. ನನ್ನ ಆಸೆಗೆ ಅದನ್ನ ಉಪವಾಸ ಕೆಡವೋಕಾಗಲ್ಲ."

ಅಯ್ಯೋ ಪಾಪ ಎಂದು ಬಾಯಲ್ಲಿ ಅಂದಳು. ಆದರೆ ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ. ಗಂಡನಿಗೆ ಸುದ್ದಿ ಹೇಳಿದರೆ ಅವನಿಗಂತೂ ಸಂಕೋಚವೇ ಇಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಪೇಪರನ್ನು ಕುರ್ಚಿಯ ಮೇಲೆ ಬಿಸಾಕಿ, ಅಟ್ಟದಿಂದ ನೆಗ್ಗಿದ ಅಲ್ಯೂಮಿನಿಯಂ ಬಟ್ಟಲು ಇಳಿಸಿ, ತೊಳೆಯಲು ಕೂತೇಬಿಟ್ಟ.

ಈ ಮನೆಗೆ ಪ್ರಾಣಿಗಳು ಬರತೊಡಗಿ ನಾಲ್ಕು ವರ್ಷವಾಗಿತ್ತು. ಬೀದಿಪಾಲಾದ ನಾಯಿ ಬೆಕ್ಕುಗಳನ್ನು ಎತ್ತಿ ತರುವ ಆಶ್ರಯ ಕೇಂದ್ರದ ಮೇಡಂ ಒಮ್ಮೆ ಹಳೆಯ ಕಂಬಳಿಗಳಿಗೆ ಅಂಚು ಹೊಲಿಸಲು ಬಂದಿದ್ದರು. ಹೋಗುವಾಗ ಕಂಬಳಿ ತೆಗೆದುಕೊಂಡು ಹೋದರು, ಒಂದು ಬಾಣಂತಿ ಬೆಕ್ಕನ್ನು ಬಿಟ್ಟು ಹೋದರು. ಅದು ನಾಲ್ಕೂ ಮರಿಗಳನ್ನು ಗುಂಡಿಗಳ ಡ್ರಾಯರಿನಲ್ಲಿಟ್ಟು ಸಾಕಿತು. ಕೆಲಸ ಇಷ್ಟೇ: ಹೆದರಿದ ಜೀವಕ್ಕೆ ಮನೆ ಅಂದರೇನು ಅಂತ ಕಲಿಸುವುದು, ಕಲಿತ ಮೇಲೆ ಬೇರೆಯವರ ಮನೆಗೆ ಕಳಿಸುವುದು. ನೀವೇ ಇಟ್ಟುಕೊಂಡರೆ ಮುಂದೆ ಬರುವುದಕ್ಕೆ ಜಾಗ ಎಲ್ಲಿ ಎನ್ನುವರು ಮೇಡಂ. ಹೆಸರಿಡುವಂತಿಲ್ಲ, ಅದು ಸಾಕುವವರ ಹಕ್ಕು. ಒಂದೇ ಬಟ್ಟಲು, ಒಂದೇ ಮೂಲೆ, ಒಂದೇ ಕೈಗೆ ಒಗ್ಗಿಸುವಂತಿಲ್ಲ, ಒಗ್ಗಿದರೆ ಹೋದಲ್ಲಿ ಕಷ್ಟ.

ಈ ಹೆಣ್ಣುನಾಯಿ ಬಂದಾಗ ಬೆನ್ನ ಮೇಲೆ ಚರ್ಮದ ಬಾರಿನಿಂದ ಹೊಡೆದ ಗುರುತುಗಳಿದ್ದವು. ಬಂದದ್ದೇ ಕತ್ತರಿಸುವ ಮೇಜಿನ ಕೆಳಗೆ ಹೊಕ್ಕಿತು. ಯಾರಾದರೂ ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಒಂಬತ್ತು ತಿಂಗಳು ಇದ್ದುಬಿಟ್ಟಿತು. ಗಂಡ ಅದನ್ನು ಮಹಾರಾಯ್ತಿ ಎಂದು ಕರೆಯುತ್ತಿದ್ದ. ಹೆಸರಿಟ್ಟಿರಾ ಎಂದು ಮೇಡಂ ಕಣ್ಣು ಬಿಟ್ಟರೆ, ಅದು ಹೆಸರಲ್ಲ, ಬೈಗುಳ ಎಂದು ವಾದಿಸುತ್ತಿದ್ದ. ಉಳಿದ ನಿಯಮಗಳನ್ನೆಲ್ಲ ಇಬ್ಬರೂ ಚಾಚೂ ತಪ್ಪದೆ ಪಾಲಿಸಿದ್ದರು. ಬಟ್ಟಲು ಬದಲಿಸಿದ್ದರು, ಮೂಲೆ ಬದಲಿಸಿದ್ದರು, ಒಂದು ದಿನ ಅವಳು, ಒಂದು ದಿನ ಅವನು ಊಟ ಇಟ್ಟಿದ್ದರು. ಕಳಿಸಿಕೊಡುವ ದಿನ ಗಂಡ ಮಹಡಿ ಹತ್ತಿದವನು ಕಾರು ಹೋಗುವವರೆಗೂ ಇಳಿದಿರಲಿಲ್ಲ.

ಟೈಲರಮ್ಮ ಮತ್ತೆ ಮಷೀನಿನ ಮುಂದೆ ಕೂತು ಪೆಡಲು ತುಳಿಯತೊಡಗಿದಳು. ಕೈ ಹಗುರವಾಗಿತ್ತು. ಹಾಡು ಬರದವಳು ಏನೋ ಗುನುಗಿದಳು ಕೂಡ.

"ನಾಳೆ ಭಾನುವಾರ ಅಲ್ವಲ್ಲ," ಅಂದ ಗಂಡ ಬಚ್ಚಲಿಂದ. "ಬಂದ ತಕ್ಷಣ ತಿಂತಾಳೆ ಬಿಡು."

ಇದು ಮನೆಯ ಹಳೆಯ ತಮಾಷೆ. ಭಾನುವಾರ ಮಾತ್ರ ನಾಯಿ ಊಟದ ಕಡೆ ತಿರುಗಿ ನೋಡುತ್ತಿರಲಿಲ್ಲ. ಮಹಾರಾಯ್ತಿಗೂ ವಾರದ ರಜೆ ಬೇಕಂತೆ ಎಂದು ಅವನು ನಗಾಡುತ್ತಿದ್ದ. ಸಂಜೆ ಅವಳು ಮನೆಯದೇ ಹರಿದ ದಿಂಬಿನ ಚೀಲವನ್ನೋ ಟವೆಲನ್ನೋ ಹಿಡಿದು ಮಷೀನಿಗೆ ಕೂತಾಗ ಗಬಗಬ ತಿನ್ನುತ್ತಿತ್ತು.

ಟೈಲರಮ್ಮನ ಕಾಲು ನಿಂತಿತು.

ಭಾನುವಾರದ ರಜೆ ಬಿಟ್ಟರೆ ಈ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಷೀನು ಓಡುತ್ತದೆ. ಅದು ಸದ್ದು ಮಾಡುತ್ತದೆ ಎನ್ನುವುದೇ ಗಂಡಹೆಂಡಿರಿಗೆ ಮರೆತುಹೋಗಿತ್ತು. ನಾಯಿಗೆ ಮರೆತಿರಲಿಲ್ಲ. ಆ ಸದ್ದು ಇರುವಷ್ಟು ಹೊತ್ತು ಇವಳ ಎರಡು ಕೈ ಬಟ್ಟೆಯ ಮೇಲೆ, ಎರಡು ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ. ಹೊಡೆಯಲು ಏಳುವವರು ಯಾರೂ ಇಲ್ಲ ಅಂತ ಅದಕ್ಕೆ ಗ್ಯಾರಂಟಿ. ಆಗ ಮಾತ್ರ ತಿನ್ನುತ್ತಿತ್ತು. ಎಲ್ಲ ಬದಲಿಸಿದೆವು, ಇದೊಂದನ್ನು ಬಿಟ್ಟೆವಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಗಂಡ ಒದ್ದೆ ಬಟ್ಟಲು ಹಿಡಿದು ಬಂದ. ಅವಳು ಹೇಳಿದ್ದನ್ನು ನಿಂತೇ ಕೇಳಿದ. ಬಟ್ಟಲಿನ ನೆಗ್ಗನ್ನು ಹೆಬ್ಬೆರಳಿನಿಂದ ಸವರಿದ.

"ನೀನು ಹೇಳದೇ ಇದ್ರೆ ಅವರಿಗೆ ಗೊತ್ತಾಗಲ್ಲ," ಎಂದ. "ನಾಳೆ ಬೆಳಿಗ್ಗೆವರೆಗೆ ತಾನೇ?"

ಅವಳಿಗೂ ಅದೇ ಅನಿಸಿತ್ತು, ಅವನಿಗಿಂತ ಮೊದಲೇ. ಒಂದು ರಾತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾಯಿ ತಾನಾಗಿ ಮನೆಗೆ ಬರುತ್ತದೆ. ಮೇಡಂ ಕೂಡ ಬೈಯುವಂತಿಲ್ಲ. ಮೇಜಿನ ಕೆಳಗೆ ನೋಡಿದಳು. ಅದು ಒರಗುತ್ತಿದ್ದ ಕಡೆ ಗೋಡೆಯ ಸುಣ್ಣ ಕಂದಿತ್ತು. ಒರೆಸಲು ಮನಸ್ಸಾಗದೆ ಹಾಗೇ ಬಿಟ್ಟಿದ್ದಳು.

"ಹಸ್ಕೊಂಡು ಕೂತಿದೆ ಕಣ್ರೀ ಅಲ್ಲಿ," ಎಂದಳು.

ಅವನು ಫೋನನ್ನು ಅವಳ ಕಡೆ ಸರಿಸಿದ.

ಮೇಷ್ಟ್ರಿಗೆ ಎರಡೆರಡು ಸಲ ಹೇಳಬೇಕಾಯಿತು. ಬಟ್ಟಲನ್ನು ಗೋಡೆಯ ಪಕ್ಕ ಇಡಬೇಕು, ಫೋನಿನ ಸ್ಪೀಕರು ಹಾಕಿ ನೆಲದ ಮೇಲಿಡಬೇಕು, ತಾವು ಬೆನ್ನು ಮಾಡಿ ಕೂರಬೇಕು. "ಕೈಗೆ ಏನಾದ್ರೂ ಕೆಲಸ ಹಚ್ಕೊಳ್ಳಿ ಮೇಷ್ಟ್ರೇ. ಬಟ್ಟೆ ಮಡಚಿ, ಏನಾದ್ರೂ ಮಾಡಿ. ಅದನ್ನ ಮಾತ್ರ ನೋಡಬೇಡಿ."

ಪ್ಯಾಂಟನ್ನು ಎಳೆದು ತೆಗೆದು, ಒಂದು ಚಿಂದಿ ಬಟ್ಟೆ ಇಟ್ಟು ತುಳಿಯತೊಡಗಿದಳು. ಅವಸರದಲ್ಲಿ ಸೂಜಿಯಿಂದ ದಾರ ಕಳಚಿತ್ತು. ಪೋಣಿಸುತ್ತ ಕೂರಲಿಲ್ಲ. ಫೋನಿನಲ್ಲಿ ಬಹಳ ಹೊತ್ತು ಏನೂ ಇಲ್ಲ. ಗಂಡ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೇಲೆ ಉಗುರುಗಳು ನೆಲಕ್ಕೆ ತಾಗುವ ಸದ್ದು, ಎರಡು ಹೆಜ್ಜೆ, ಮತ್ತೆ ಮೌನ. ಕೊನೆಗೆ ಬಟ್ಟಲು ನೆಲದ ಮೇಲೆ ಕರಕರನೆ ಜರುಗಿ ಗೋಡೆಗೆ ಹೋಗಿ ತಾಗಿತು.

ಅಲ್ಲಿ ಮೇಷ್ಟ್ರು ಮೆಲ್ಲಗೆ ಒಂದು ಹೆಸರು ಹಿಡಿದು ಕರೆದರು. ತಾವೇ ಇಟ್ಟ ಹೆಸರಿರಬೇಕು. ಟೈಲರಮ್ಮನಿಗೆ ಅದೇನೆಂದು ಕೇಳಿಸಲಿಲ್ಲ. ಕೇಳಬೇಕೆಂದರೆ ಮಷೀನು ನಿಲ್ಲಿಸಬೇಕಿತ್ತು.

ಗಂಡ ಎದ್ದು ಬಟ್ಟಲನ್ನು ಒರೆಸಿ ಅಟ್ಟದ ಮೇಲಿಟ್ಟ. ಅವಳು ತುಳಿಯುತ್ತಲೇ ಇದ್ದಳು. ಚಿಂದಿ ಬಟ್ಟೆಯ ಮೇಲೆ ಸಣ್ಣ ತೂತುಗಳ ಸಾಲು ನೇರವಾಗಿ ಮುಂದೆ ಮುಂದೆ ಹೋಗುತ್ತಿತ್ತು.