ಊಟಕ್ಕೆ ಕರೆದ ದನಿ

ವೇದ ಸುಳ್ಳಾದರೂ ಗಾದಿ ಸುಳ್ಳಾಗದು. ಗಾದೆಯಲ್ಲ, ಗಾದಿಯೇ, ಹತ್ತಿ ತುಂಬಿ, ನಡುನಡುವೆ ದಾರ ಎಳೆದು ಹೊಲಿದದ್ದು. ಮಲಗಿದವನು ಊರಿಗೆಲ್ಲ ಸುಖನಿದ್ದೆ ಎಂದು ಸಾರಿಕೊಳ್ಳಲಿ, ಎಷ್ಟು ಸಲ ಮಗ್ಗುಲು ಬದಲಿಸಿದ ಎಂಬುದನ್ನು ಗಾದಿಯ ಕುಳಿ ಹೇಳಿಬಿಡುತ್ತದೆ. ಈ ಮಾತು ಬ್ರೂಸ್‌ಪೇಟೆಯ ಗಾದಿ ಅಂಗಡಿಯ ದಸ್ತಗೀರಸಾಬರದು. ಈ ಕತೆಯೂ ಅವರದೇ, ಮತ್ತು ಇದು ನಿಜವಾಗಿ ನಡೆದದ್ದು. ನಡೆಯಬಾರದಿತ್ತು ಎನ್ನುವುದು ಬೇರೆ ಮಾತು. ಅದನ್ನು ಪ್ರಾಣೇಶ ಈಗ ದಿನಕ್ಕೆ ಹತ್ತು ಸಲ ತನ್ನ ಸ್ವಂತ ದನಿಯಲ್ಲಿ ಹೇಳಿಕೊಳ್ಳುತ್ತಾನೆ.

ಸ್ವಂತ ದನಿ ಎಂದು ಒತ್ತಿ ಹೇಳಲು ಕಾರಣವಿದೆ. ಪ್ರಾಣೇಶ ಬಿ.ಎ. ಮುಗಿಸಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು, ಆದರೆ ಬಳ್ಳಾರಿ ಅವನನ್ನು ಬಲ್ಲದ್ದು ಗಂಟಲಿನಿಂದ. ಸಾಹೇಬರ ಸೀನು, ಕಂಡಕ್ಟರನ ಸೀಟಿ, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಕ್ಷಮೆ ಕೇಳುವ ಕಿರಾಣಿ ಸೇಠು, ಎಲ್ಲರೂ ಆ ಗಂಟಲಲ್ಲಿ ಬಾಡಿಗೆಗಿದ್ದರು.

ಕೋಟೆಗುಡ್ಡದ ಹತ್ತಿರದ ಪಾರ್ಕಿನಲ್ಲಿ ದಿನಾ ಬೆಳಗ್ಗೆ ಆರಕ್ಕೆ ನಗೆಕೂಟ. ಮುಂದಾಳು ನಿವೃತ್ತ ವಿಜ್ಞಾನ ಮೇಷ್ಟ್ರು ಸುಶಮೀಂದ್ರಾಚಾರ್ಯರು. ನಕ್ಕರೆ ಬಿ.ಪಿ. ಇಳಿಯುತ್ತದೆ, ಎದೆ ಹಗುರಾಗುತ್ತದೆ, ನಿದ್ದೆ ಬರುತ್ತದೆ ಎಂದು ಅವರು ಸಂಧ್ಯಾವಂದನೆಯ ಮಂತ್ರದಂತೆ ಒಪ್ಪಿಸಿ, ಎರಡೂ ಕೈ ಎತ್ತಿ ‘ಹೋ ಹೋ, ಹಾ ಹಾ’ ಎನ್ನುವರು. ಸುತ್ತ ನಿಂತ ಇಪ್ಪತ್ತು ಮಂದಿ ಏನೂ ಆಗದಿದ್ದರೂ ಹೊಟ್ಟೆ ಕುಲುಕಿಸಿ ನಗುವರು. ಎದೆಗೆ ಎರಡು ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರು ನಗಬೇಕೆಂದು ಹೇಳಿದ್ದರಿಂದ ದಸ್ತಗೀರಸಾಬರೂ ಬರುತ್ತಿದ್ದರು. ಕೈ ಎತ್ತುವರು, ಬಾಯಿ ತೆರೆಯುವರು. ಸದ್ದು ಮಾತ್ರ ಬರುತ್ತಿರಲಿಲ್ಲ. ಭಾನುವಾರದೊಳಗೆ ದಸ್ತಗೀರ ಚಾಚಾನನ್ನು ನಗಿಸದಿದ್ದರೆ ತನ್ನ ಹೆಸರು ಬದಲಿಸಿ ಎಂದು ಪ್ರಾಣೇಶ ಆಚಾರ್ಯರ ಮುಂದೆ ಕೊಚ್ಚಿಕೊಂಡಿದ್ದ.

ಸದ್ದು ಯಾಕೆ ಬರುವುದಿಲ್ಲವೆಂದು ಪ್ರಾಣೇಶನಿಗೆ ಗೊತ್ತಿತ್ತು. ಅಂಗಡಿಯಲ್ಲಿ ಚಹಾ ಕುಡಿಸುತ್ತ ದಸ್ತಗೀರಸಾಬರೇ ಹೇಳಿದ್ದರು. ಸಿರುಗುಪ್ಪದಲ್ಲಿ ಅವರ ತಮ್ಮ ಅಜರುದ್ದೀನ್ ಅಕ್ಕಿ ಗಿರಣಿಯ ಮೇಸ್ತ್ರಿ. ಹನ್ನೊಂದು ವರ್ಷದ ಹಿಂದೆ ಅವನ ಮಗಳು ಜಾಸ್ಮಿನ್‌ಳ ಮದುವೆ. ಆ ಮನೆತನದಲ್ಲಿ ಹಿರಿಯರನ್ನು ಊಟಕ್ಕೆ ಯಜಮಾನನೇ ಎದುರು ಬಂದು ಏಳಿಸಬೇಕು. ಬೇರೆಯವರ ಕೈಲಿ ಹೇಳಿ ಕಳಿಸಿದರೆ ಅದು ಕರೆಯಲ್ಲ, ಬರೀ ಸುದ್ದಿ. ಗದ್ದಲದಲ್ಲಿ ಅಜರುದ್ದೀನ್ ಬಂದವರನ್ನೆಲ್ಲ ಕೂಗಿ ಕೂಗಿ ಏಳಿಸಿದ, ಅಣ್ಣನ ಹತ್ತಿರ ಮಾತ್ರ ಅಡುಗೆಯವನನ್ನು ಕಳಿಸಿದ. ಅಣ್ಣ ಚಪ್ಪಲಿ ಮೆಟ್ಟಿ, ಹಸಿದ ಹೊಟ್ಟೆಯಲ್ಲೇ ಬಳ್ಳಾರಿ ಬಸ್ಸು ಹತ್ತಿದ್ದರು. ತಮ್ಮ ತನ್ನ ಬಾಯಿಂದ ಕರೆಯುವವರೆಗೆ ಸಿರುಗುಪ್ಪದ ನೀರೂ ಮುಟ್ಟುವುದಿಲ್ಲವೆಂದು ಆಣೆ ಹಾಕಿದ್ದರು. ಅವನ ಹೆಸರು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಇಷ್ಟು ಹೇಳಿ, ಅತ್ತಿತ್ತ ನೋಡಿ, ಮೊಬೈಲಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಮದುವೆಯ ವಿಡಿಯೊ ತೋರಿಸಿದ್ದರು. ಅದರಲ್ಲಿ ಅಜರುದ್ದೀನ್ ಎರಡು ಸಲ ಗಂಟಲು ಸರಿಮಾಡಿಕೊಂಡು, ಕೊನೆಯ ಅಕ್ಷರ ಎಳೆದು ಕೂಗುತ್ತಿದ್ದ: ಏಳ್ರೀ, ಊಟಕ್ಕ ಏಳ್ರೀ.

ಬೇರೆಯವನಾಗಿದ್ದರೆ ನಿಟ್ಟುಸಿರು ಬಿಡುತ್ತಿದ್ದ. ಪ್ರಾಣೇಶ ದನಿಯನ್ನು ಕದ್ದುಕೊಂಡು ಬಂದ.

ಶನಿವಾರ ಮಧ್ಯಾಹ್ನ ದಸ್ತಗೀರಸಾಬರಿಗೆ ಗೊತ್ತಿಲ್ಲದ ನಂಬರೊಂದರಿಂದ ಫೋನ್ ಹೋಯಿತು. ಎರಡು ಸಲ ಕೆಮ್ಮು. “ಅಣ್ಣಾ, ನಾ ಅಜರು. ಆದದ್ದಾತು. ನಾಳಿ ಊಟಕ್ಕ ಏಳಣ್ಣಾ.” ಆ ಕಡೆಯಿಂದ “ಬರ್ತೀನಪಾ” ಎಂಬ ಒಂದು ಮಾತು. ಮಾರನೆಯ ಬೆಳಗ್ಗೆ ಕೂಟದ ನಡುವೆ ಗುಟ್ಟು ಬಿಚ್ಚಿ ಎಲ್ಲರನ್ನೂ ನಗಿಸುವುದು ಪ್ರಾಣೇಶನ ಲೆಕ್ಕಾಚಾರ.

ಆದರೆ ಭಾನುವಾರ ದಸ್ತಗೀರಸಾಬರು ಕೂಟಕ್ಕೆ ಬರಲಿಲ್ಲ. ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ಮನೆಗೆ ಹೋದರೆ ಅವರ ಹೆಂಡತಿ ಗುಲ್ಜಾರಬೀ ಬಾಗಿಲಲ್ಲೇ ಸಿಕ್ಕರು, ಮುಖ ಹಬ್ಬದಂತಿತ್ತು.

“ಮೊದಲ ಬಸ್ಸಿಗೇ ಹ್ವಾದ್ರು ಪ್ರಾಣೇಶಣ್ಣ. ಬಕ್ರೀದಿನ ಅಂಗಿ ಹಾಕ್ಕೊಂಡು. ಒಂದು ತುತ್ತು ಉಪ್ಪಿಟ್ಟು ತಿನ್ರಿ ಅಂದ್ರ, ಅಲ್ಲೇ ಉಣ್ಣೋದೈತಿ ಅಂದ್ರು. ಕನ್ನಡಿ ಮುಂದ ನಿಂತು ನಗಾಕ ಹತ್ತಿದ್ರು, ನಾ ನೋಡೀನಿ.”

ಪ್ರಾಣೇಶ ಬೈಕು ಹತ್ತಿ ಬಸ್ಸಿನ ಬೆನ್ನು ಹಿಡಿದ. ಅರ್ಧದಾರಿಯ ಕುರುಗೋಡಿನವರೆಗೆ ಹೋದ. ಅಲ್ಲಿ ಹೋಟೆಲೊಂದರ ಮುಂದೆ ಬೈಕು ನಿಲ್ಲಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಹೇಳಿದ. ಮೊದಲ ಮಿರ್ಚಿಗೆ ಅವನಿಗೆ ಭಯವಿತ್ತು. ಎರಡನೆಯದಕ್ಕೆ ಹೊಸ ಯೋಚನೆ ಬಂತು: ಸುಳ್ಳು ಕರೆಯಾದರೇನು, ಬಾಗಿಲಿಗೆ ಬಂದ ಅಣ್ಣನನ್ನು ತಮ್ಮ ಉಣಿಸದೆ ಕಳಿಸುತ್ತಾನೆಯೆ? ಇಬ್ಬರೂ ಒಂದಾದರೆ ಪುಣ್ಯ ತನಗೇ. ಮೂರನೆಯದು ಮುಗಿಯುವಷ್ಟರಲ್ಲಿ ಅವನೊಬ್ಬ ಸಮಾಜಸೇವಕನಾಗಿದ್ದ. ಕೈ ತೊಳೆದುಕೊಂಡು ಬಳ್ಳಾರಿಯತ್ತ ಬೈಕು ತಿರುಗಿಸಿದ.

ಸೋಮವಾರ ಬೆಳಗ್ಗೆ ದಸ್ತಗೀರಸಾಬರು ಎಲ್ಲರಿಗಿಂತ ಮೊದಲೇ ಬಂದು ಪಾರ್ಕಿನ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದರು. ಪ್ರಾಣೇಶನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಹತ್ತಿಯ ತೂಕ ಹೇಳುವಂತೆ ಒಂದೊಂದೇ ಹೇಳಿದರು.

ತಮ್ಮನ ಮನೆ ತುಂಬ ನೆಂಟರಿದ್ದರು. ಎಲ್ಲರ ಎದುರು ಇವರು ನಗುತ್ತ, ನೀ ಕರೆದೆ, ನಾ ಬಂದೆ ಅಂದರು. ಅಜರುದ್ದೀನ್ ಕೊರಳಿಗೆ ಸುತ್ತಿದ್ದ ವಸ್ತ್ರ ತೆಗೆದು ತೋರಿಸಿದ. ಗಂಟಲಲ್ಲಿ ತೂತು. ಒಂದೂವರೆ ವರ್ಷದ ಹಿಂದೆ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರಂತೆ. ಆಪರೇಷನ್ನಿಗೆ ಮುಂಚೆ ಅಣ್ಣ ಒಂದು ಸಲ ಬರಲೆಂದು ಎರಡು ಸಲ ಹೇಳಿ ಕಳಿಸಿದ್ದನಂತೆ. ಹೇಳಲು ಬಂದವರನ್ನು ದಸ್ತಗೀರಸಾಬರು, ಅಜರುವಿನ ಹೆಸರು ಎತ್ತಿದ ಕೂಡಲೇ, ಹೊಸಿಲಿನಿಂದಲೇ ಅಟ್ಟಿದ್ದರು.

“ಪಾಟಿ ಮ್ಯಾಲೆ ಬರೆದು ತೋರಿಸಿದ,” ಎಂದರು ದಸ್ತಗೀರಸಾಬರು. “ದನಿ ಹ್ವಾದವನ್ನ ಆಡಿಕೊಳ್ಳಾಕ ಬಂದೀ ಏನು ಅಂತ. ಆಮ್ಯಾಲೆ ಗ್ವಾಡಿ ಕಡಿ ಮಾರಿ ತಿರುವಿದ. ನನ್ನ ಯಾರೂ ಊಟಕ್ಕ ಏಳಿಸಲಿಲ್ಲಪಾ.”

ಪ್ರಾಣೇಶ ಬಾಯಿ ತೆರೆದ. ಊರವರ ದನಿಯೆಲ್ಲ ಇದ್ದ ಗಂಟಲಲ್ಲಿ ಅವನದೇ ಒಂದು ಸಿಗಲಿಲ್ಲ. ತಾನೇ ಹೋಗಿ ಅಜರುದ್ದೀನನ ಕಾಲು ಹಿಡಿಯುತ್ತೇನೆ ಎಂದು ಹೇಗೋ ತೊದಲಿದ.

“ಬ್ಯಾಡ. ಅದೂ ನನ್ನದೇ ಆಟ ಅಂತಾನ.” ದಸ್ತಗೀರಸಾಬರು ಮೊಣಕಾಲು ಊರಿ ಎದ್ದರು. “ಆ ವಿಡಿಯೊ ನಾ ತೋರಿಸಿದ್ದು ನಿನಗೊಬ್ಬನಿಗೇ. ಅದರಾಗ ಅವ ಊರಮಂದಿನ್ನೆಲ್ಲ ಕರೀತಾನ, ನನ್ನ ಕರಿಯಂಗಿಲ್ಲ. ನನ್ನ ಕರಿಯೋ ದನಿ ಇನ್ನ ನಿನ್ನ ಬಾಯಾಗಷ್ಟೇ ಐತಿ. ಒಮ್ಮೆ ಕರಿ.”

ಅಷ್ಟರಲ್ಲಿ ಕೂಟ ಸುತ್ತುಗಟ್ಟಿತ್ತು. ಏನೋ ಹೊಸ ಮಿಮಿಕ್ರಿ ಎಂದುಕೊಂಡ ಆಚಾರ್ಯರು ಇಬ್ಬರನ್ನೂ ನಡುವೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಪ್ರಾಣೇಶ ಎರಡು ಸಲ ಗಂಟಲು ಸರಿಮಾಡಿಕೊಂಡ. “ಅಣ್ಣಾ, ಏಳು. ಊಟಕ್ಕ ಏಳಣ್ಣಾ.”

ಸುತ್ತಲಿನವರು ಗೊಳ್ಳೆಂದರು. ದಸ್ತಗೀರಸಾಬರ ಬಾಯಿ ಎಂದಿನಂತೆ ತೆರೆಯಿತು, ಈ ಸಲ ಸದ್ದು ಬಂತು. ಹೊಟ್ಟೆ ಹಿಡಿದುಕೊಂಡು, ಬಾಗಿ, ಕಣ್ಣಲ್ಲಿ ನೀರಿಳಿಸಿಕೊಂಡು ನಕ್ಕರು. ಬೇವಿನ ಮರದ ಕಾಗೆಗಳು ಎದ್ದುಹೋದವು. ಗೆದ್ದಿ ನೋಡು, ಇನ್ನು ಇವರಿಗೆ ಗುಳಿಗೆ ಯಾಕೆ ಎಂದು ಆಚಾರ್ಯರು ಪ್ರಾಣೇಶನ ಬೆನ್ನು ತಟ್ಟಿದರು. ಕೂಟದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡತೊಡಗಿದರು. ದಸ್ತಗೀರಸಾಬರು ಮಾತ್ರ, ಇನ್ನೊಮ್ಮೆ ಎಂದು ಪ್ರಾಣೇಶನತ್ತ ಬೆರಳೆತ್ತಿ ತೋರಿಸುತ್ತ, ಕೋಟೆಗುಡ್ಡಕ್ಕೆ ಕೇಳುವ ಹಾಗೆ ನಗುತ್ತಲೇ ಇದ್ದರು.