ಬೆಚ್ಚಗಿದ್ದ ಬೂಟು

ಬಾಡಿಗೆಯ ಸ್ಕೀ ಬೂಟುಗಳನ್ನು ಒಂದೊಂದಾಗಿ ಎತ್ತಿ, ಒಳಗೆ ಕೈಹಾಕಿ ನೋಡಿ, ಬಿಸಿಗಾಳಿ ಬರುವ ಕೊಳವೆಗಳಿಗೆ ಬೋರಲಾಗಿ ಸಿಕ್ಕಿಸುತ್ತಿದ್ದೆ. ಮಾತಿಗೆ ಯಾರೂ ಇರಲಿಲ್ಲ. ಇದ್ದಿದ್ದರೂ ನಾನು ಆಡುತ್ತಿರಲಿಲ್ಲ. ಊರವರ ಕಾಲಿನ ಬೆವರೆಲ್ಲ ಒಂದೇ ಕೋಣೆಯಲ್ಲಿ ಬೆಂದ ಆ ನಾತಕ್ಕೆ ಮೂರು ಚಳಿಗಾಲ ಕಳೆದರೂ ನನ್ನ ಮೂಗು ಒಗ್ಗಿಲ್ಲ. ಕೈ ಮಾತ್ರ ಕಲಿತಿದೆ. ಹಿಮ ಕರಗಿ ಒದ್ದೆಯಾದ ಬೂಟು ತಣ್ಣಗಿರುತ್ತದೆ, ಬೆವರಿನದು ಅಂಟುತ್ತದೆ.

ಅಂದು ಮಕ್ಕಳ ಸ್ಕೀ ತರಗತಿಯ ಕೊನೆಯ ಭಾನುವಾರ. ಕೊಶಿತ್ಸೆ ಪಟ್ಟಣದಿಂದ ಅರ್ಧ ಗಂಟೆ ದೂರದ ನಮ್ಮ ಗುಡ್ಡದಲ್ಲಿ ಆ ದಿನ ಪಂದ್ಯ. ಬಿದ್ದ ಮಗುವಿಗೂ ಪದಕ ಕೊಡುತ್ತಾರೆ. ಆದರೂ ಅಪ್ಪಂದಿರು ಗಡಿಯಾರ ಹಿಡಿದೇ ಬರುತ್ತಾರೆ.

ಕಿಟಕಿಯಲ್ಲಿ, ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಕಾಯುವವರ ಸಾಲು ಕಾಣುತ್ತಿತ್ತು. ಇಂಜಿನಿಯರ್ ಕ್ರಾಲಿಕರ ಮಗಳು, ಏಳು ವರ್ಷದ ತಾಮರ್ಕಾ, ಕಾಲುಗಳನ್ನು ಒತ್ತಿಕೊಂಡು ಅಪ್ಪನ ತೋಳು ಜಗ್ಗಿದಳು. ಅವರು ಮುಂದಿನ ಸಾಲನ್ನು ತೋರಿಸಿ ಈಗ ಆಗದೆಂದು ತಲೆಯಾಡಿಸಿದರು. ಅವಳು ಮತ್ತೆ ಜಗ್ಗಿದಳು. ಮೂರನೆಯ ಸಲ ಅವರು ತಿರುಗಿಯೂ ನೋಡಲಿಲ್ಲ. ಆಮೇಲೆ ಅವಳು ಜಗ್ಗುವುದನ್ನು ನಿಲ್ಲಿಸಿದಳು.

ಸ್ವಲ್ಪ ಹೊತ್ತಿಗೆ ಕ್ರಾಲಿಕ್ ಮಗಳನ್ನು ದರದರ ಎಳೆದುಕೊಂಡು ಒಳಗೆ ಬಂದರು.

"ಏನಮ್ಮಾ, ಒದ್ದೆ ಬೂಟು ಕೊಡ್ತೀರಾ ಮಕ್ಕಳಿಗೆ? ನೋಡು, ಒಳಗೆ ನೀರು!"

ಬೂಟು ಬಿಚ್ಚಿ ಕೈಹಾಕಿದೆ. ಬೆಚ್ಚಗಿತ್ತು. ಉಚ್ಚೆಯ ವಾಸನೆಯೂ ಬಂತು. ಅವರಿಗೂ ಬಂದಿರಬೇಕು. ಬೂಟಿನೊಳಗೆ ಆಡಿಸಿದ ತಮ್ಮ ಬೆರಳು ಮೂಸಿ, ಮುಖ ಕಿವುಚಿ, ಬೆಂಚಿನ ಮೇಲೆ ಯಾರೋ ಬಿಚ್ಚಿಟ್ಟ ಟೋಪಿಗೆ ಒರೆಸಿದರು. ಗೊತ್ತಿದ್ದೇ ಕೂಗಾಡುತ್ತಿದ್ದರು.

ಗಲಾಟೆಗೆ ಅಂಗಡಿಯ ಒಡತಿ, ನಾವೆಲ್ಲ ಅತ್ತೆ ಎಂದು ಕರೆಯುವ ವ್ಲಾಸ್ತಾ ಬಂದರು. ಹೋದ ವಾರವಷ್ಟೇ ಅವರು, ಇನ್ನೊಂದು ದೂರು ಬಂದರೆ ನೀನು ಮನೆಯಲ್ಲೇ ಇರು ಎಂದಿದ್ದರು. ಬಾಗಿಲಲ್ಲಿ ಹತ್ತಾರು ಮಕ್ಕಳು ಇಣುಕುತ್ತಿದ್ದವು.

"ರಾದ್ಕಾ, ಒಣಗ್ಸಿದ್ಯೋ ಇಲ್ವೋ? ಬಾಯಿಬಿಡೇ!"

ನಿಜ ಹೇಳಲು ಒಂದು ಮಾತು ಸಾಕಿತ್ತು. ತಾಮರ್ಕಾ ನನ್ನನ್ನೇ ನೋಡುತ್ತಿದ್ದಳು. ಅವಳ ಕೆಳತುಟಿ ನಡುಗುತ್ತಿತ್ತು.

"ಮರ್ತುಬಿಟ್ಟೆ, ಅತ್ತೆ."

"ನೋಡಿದ್ರಾ!" ಎಂದರು ಕ್ರಾಲಿಕ್, ಗೆದ್ದವರಂತೆ. "ಸ್ಕೂಲ್ ಬಿಟ್ಟು ಬಂದೋರನ್ನ ಇಟ್ಕೊಂಡ್ರೆ ಹೀಗೇ. ಇವಳಿಗೆ ಬೂಟಿನ ಎಡ-ಬಲ ಗೊತ್ತಿದ್ರೆ ಅದೇ ಹೆಚ್ಚು!"

ಬಾಗಿಲಲ್ಲಿ ಯಾರೋ ನಕ್ಕರು.

"ಕ್ಷಮಿಸಿ, ಇಂಜಿನಿಯರ್ ಸಾಹೇಬ್ರೆ," ಎಂದು ವ್ಲಾಸ್ತಾ ಅತ್ತೆ ಕೈ ಹೊಸೆದರು. "ಬೇರೆ ಜೋಡಿ ಕೊಡ್ತೀನಿ. ಬಿಸಿಬಿಸಿ ಕೋಸಿನ ಸೂಪು ಕುಡೀರಿ, ನಮ್ಮ ಲೆಕ್ಕದಲ್ಲಿ."

"ಸಾಸೇಜೂ ಹಾಕ್ಸಿ. ಎರಡು."

ತಟ್ಟೆ ಬಂತು. ಅವರು ನಿಂತೇ ತಿಂದರು, ಟೋಪಿಗೆ ಒರೆಸಿದ ಅದೇ ಬೆರಳುಗಳಿಂದ. ಗಲ್ಲದ ಮೇಲೆ ಕೊಬ್ಬು ಇಳಿಯಿತು. ಮಗಳಿಗೆ ಒಂದು ತುಣುಕನ್ನೂ ಕೊಡಲಿಲ್ಲ.

"ನಾಳೆಯಿಂದ ಬರ್ಬೇಡ," ಎಂದರು ವ್ಲಾಸ್ತಾ ಅತ್ತೆ ನನಗೆ, ಮೆಲ್ಲಗೆ.

ನಾನು ಒಣಗಿದ ಜೋಡಿಯೊಂದನ್ನು ತಂದು ಮಗುವಿನ ಮುಂದೆ ಕೂತೆ. ಅವಳ ಕಾಲುಚೀಲ ಹಿಂಡುವ ಹಾಗಿತ್ತು, ಪ್ಯಾಂಟು ಒಳಬದಿಯಲ್ಲಿ ಕೆಳಗಿನವರೆಗೂ ನೆನೆದು ಕಪ್ಪಾಗಿತ್ತು. ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ.

"ಬೇಗ ಹಾಕು, ಹೆಸರು ಕರೀತಾ ಇದಾರೆ," ಎಂದು ಕ್ರಾಲಿಕ್ ಅವಳ ಎದೆಗೆ ಪಂದ್ಯದ ಸಂಖ್ಯೆ ಕಟ್ಟತೊಡಗಿದರು. ತಾಮರ್ಕಾ ಕೈಗಳನ್ನು ಎತ್ತಿ ನಿಂತಳು. ಹಲ್ಲು ಕಟಕಟ ಎನ್ನುತ್ತಿದ್ದವು.

ಬೂಟನ್ನು ಕೈಯಲ್ಲೇ ಹಿಡಿದುಕೊಂಡೆ. ಆ ಕೋಣೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿರಲಿಲ್ಲ.

"ಸಾಹೇಬ್ರೆ, ಮಗು ನಡುಗ್ತಿದೆ. ಮೇಲಕ್ಕೆ ಕಳಿಸ್ಬೇಡಿ. ಮನೆಗೆ ಕರ್ಕೊಂಡು ಹೋಗಿ."

ಕ್ರಾಲಿಕ್ ತಲೆಯೆತ್ತದೆ ಸಂಖ್ಯೆಯ ಗಂಟು ಬಿಗಿಯುತ್ತಲೇ ಇದ್ದರು. ವ್ಲಾಸ್ತಾ ಅತ್ತೆ ತಟ್ಟೆ ಎತ್ತುತ್ತಿದ್ದರು.

"ಯಾರಾದ್ರೂ ಹೇಳಿ ಇವರಿಗೆ," ಎಂದೆ, ಬಾಗಿಲಲ್ಲಿದ್ದವರ ಕಡೆ ತಿರುಗಿ.