ಹಿಂಗಾಲಿನ ಮಾಂಸ

ಗುಳುಗುಳು, ಗುಳುಗುಳು, ಕುದಿಯುತ್ತದೆ ಅಷ್ಟೇ, ಬೇಯುವುದಿಲ್ಲ, ಬೆಳಗಿನಿಂದ ಐದು ಗಂಟೆ ಹೊತ್ತು ಇದೇ ಪಾಡು — ಅಡುಗೆಯವನು ಸೌಟಿನಲ್ಲಿ ಒಂದು ತುಂಡನ್ನೆತ್ತಿ ಅಮುಕಿ ನೋಡಿದ, ಬೆರಳು ಸುಟ್ಟಿತೇ ಹೊರತು ಮಾಂಸ ಜಗ್ಗಲಿಲ್ಲ, ಮುದಿ ಹೋತದ ಹಿಂಗಾಲು, ಹುಟ್ಟಿದಾಗಿನಿಂದ ಬೆಟ್ಟ ಹತ್ತಿ ಇಳಿದ ಕಾಲು, ಸುಲಭಕ್ಕೆ ಮೆತ್ತಗಾಗುತ್ತದೆಯೇ, ಅದರಲ್ಲೂ ಇಷ್ಟು ಎತ್ತರದಲ್ಲಿ, ಇಲ್ಲಿ ನೀರು ಸರಿಯಾಗಿ ಬಿಸಿಯಾಗುವ ಮೊದಲೇ ಕುದಿಯಲು ಶುರು, ಬರೀ ಗದ್ದಲ, ಕೆಲಸ ಸೊನ್ನೆ, ತನ್ನ ಹಾಗೇ. ಬೇಳೆ ಬೇಯಬೇಕಾದರೂ ಇಲ್ಲಿ ಕುಕ್ಕರ್ ಬೇಕು, ಕುಕ್ಕರಿನ ತಲೆ ಮೇಲೆ ವಿಸಲ್ ಕೂರಬೇಕು, ಆ ವಿಸಲ್ ಕಳೆದುಹೋಗಿ ಹದಿನೈದು ದಿನ — ಕಳೆದದ್ದೆಲ್ಲಿ, ಕೋಟಿನಲ್ಲಿದೆ, ಈ ಗಳಿಗೆಯಲ್ಲಿ ತೊಡೆಗೆ ತಾಗುತ್ತಿದೆ. ಬಿಸಿಲಿನ ದಿನಗಳೆಂದು ಮೊಳೆಗೆ ತೂಗಿಹಾಕಿದ್ದ ಕೋಟು, ಬೆಳಿಗ್ಗೆ ಗಾಳಿ ಜೋರಾಯಿತೆಂದು ತೊಟ್ಟು ಸ್ಟವ್ ಪಂಪು ಮಾಡಲು ಕೂತರೆ ಕೋಟಿನ ಅಂಚು ಕಬ್ಬಿಣಕ್ಕೆ ಬಡಿದು ಟಣ್ ಎಂದಿತು, ತಡವಿ ನೋಡಿದರೆ ಅದೇ. ಸೂಜಿಯಿಂದ ವಿಸಲಿನ ತೂತು ಚೊಕ್ಕ ಮಾಡುವುದು, ಜೇಬಿಗೆ ಹಾಕಿಕೊಳ್ಳುವುದು, ಎಷ್ಟು ವರ್ಷದ ಅಭ್ಯಾಸ, ಜೇಬು ಹರಿದದ್ದು ಮಾತ್ರ ಗೊತ್ತಾಗಲಿಲ್ಲ, ಲೈನಿಂಗ್ ಬಟ್ಟೆಯೊಳಗೆ ಇಳಿದು ಹಾಯಾಗಿ ಕೂತಿದೆ ಹಾಳಾದ್ದು, ಅಂದು ಅಕ್ಕಿ ಚೀಲ ಬಗ್ಗಿಸಿ ಹುಡುಕಿದ್ದೆ, ಕಸದ ಡಬ್ಬಿ ಸುರಿದು ಹುಡುಕಿದ್ದೆ, ಈ ಜೇಬಿಗೂ ಕೈ ಹಾಕಿದ್ದೆ, ಇನ್ನೆರಡು ಬೆರಳು ಕೆಳಗೆ ಹೋಗಿದ್ದರೆ.

ಹಾಕಿಬಿಡಲೇ, ಈಗಲೇ, ಕಾಲು ಗಂಟೆಯಲ್ಲಿ ಮಾಂಸ ಬೆಣ್ಣೆ. ಆದರೆ ಕೂಗುತ್ತದಲ್ಲ, ಬೆಟ್ಟಕ್ಕೆಲ್ಲ ಕೇಳುವ ಹಾಗೆ, ಬೇರೆ ದಿನವಾದರೆ ಬಂಡೆ ಕೊರೆಯುವ ಯಂತ್ರದ ಆರ್ಭಟದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ, ಇವತ್ತು ಅದನ್ನೂ ನಿಲ್ಲಿಸಿದ್ದಾರೆ, ಮೇಸ್ತ್ರಿಯ ಕೊನೆಯ ದಿನವೆಂದು, ಹೊರಗೆ ಒಬ್ಬ ಕೆಮ್ಮಿದರೂ ಈ ತಗಡಿನ ಶೆಡ್ಡಿಗೆ ಕೇಳುತ್ತದೆ. ಇಪ್ಪತ್ತೆರಡು ವರ್ಷ ಬಂಡೆ ಕೊರೆಸಿದ ಮೇಸ್ತ್ರಿ, ನಾಳೆ ಇಳಿದರೆ ಮತ್ತೆ ಹತ್ತುವ ಮಾತಿಲ್ಲ, ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು, ಲೇ ಉಪ್ಪಣ್ಣ — ಒಂದು ಸಲ ಸಕ್ಕರೆಯೆಂದು ಚಹಕ್ಕೆ ಉಪ್ಪು ಹಾಕಿದ್ದಕ್ಕೆ ಜೀವಮಾನಕ್ಕೆ ಅಂಟಿದ ಹೆಸರು — ಲೇ ಉಪ್ಪಣ್ಣ, ಗಂಜಿ ಕುಡಿದೂ ಕುಡಿದೂ ನಾಲಿಗೆ ಸತ್ತೋಯ್ತು ಕಣೋ, ಹೋಗೋಕ್ಮುಂಚೆ ಒಂದ್ಸಲ ಮೆತ್ತಗೆ ಮಾಂಸ ಮಾಡಿ ಹಾಕೋ. ಹಾಕ್ತೀನಿ ಮೇಸ್ತ್ರಿಗಳೇ, ನನ್ನ ಕೈ ನೋಡಿ, ಎಂದು ಎದೆ ತಟ್ಟಿಕೊಂಡದ್ದೂ ಇದೇ ಬಾಯಿ. ಅಕ್ಕಿ ಚೀಲದ ಹಿಂದೆ ಸಿಕ್ಕಿತು ಅನ್ನಲೇ, ಖುಷಿಪಡುತ್ತಾರೆ, ಅರ್ಧ ನಿಮಿಷ, ಆಮೇಲೆ ಕ್ಯಾಂಪು ನೋಡಿಕೊಳ್ಳುವ ಸಾಹೇಬರು ತಲೆಯೆತ್ತಿ ಕೇಳುತ್ತಾರೆ, ಹಂಗಾದ್ರೆ ಅವತ್ತು ನೀನು ಕಣ್ಣಾರೆ ನೋಡಿದ್ದೇನಯ್ಯಾ.

ಕಣ್ಣಾರೆ. ಅಷ್ಟೊಂದು ಮಾತು ಬೇಕಿತ್ತೇ. ಒಂದು ವಿಸಲ್ ಕಾಪಾಡೋಕಾಗಲ್ವೇನಯ್ಯಾ, ನಿನ್ನನ್ನೇ ಕೆಳಗೆ ಕಳಿಸ್ತೀನಿ, ಎಂದು ಸಾಹೇಬರು ಎಲ್ಲರೆದುರು ಬೈದಾಗ ಬಾಯಿಗೆ ಬಂದದ್ದು, ಅವಳೇ ಎತ್ಕೊಂಡಿದ್ದು ಸಾರ್, ನಾನೇ ಕಣ್ಣಾರೆ ನೋಡ್ದೆ. ಅವಳೆಂದರೆ ವಾರಕ್ಕೆರಡು ಸಲ ಅಕ್ಕಿ, ಸೀಮೆಎಣ್ಣೆ ಬೆನ್ನಿಗೆ ಕಟ್ಟಿಕೊಂಡು ಹತ್ತಿ ಬರುತ್ತಿದ್ದ ಹೊರೆಯವಳು, ಅಣ್ಣಾ, ಒಂಚೂರು ಬಿಸಿನೀರು ಕೊಡು ಎನ್ನುವುದು ಬಿಟ್ಟರೆ ಏನನ್ನೂ ಕೇಳದವಳು. ಅನುಮಾನ ಎಂದಿದ್ದರೆ ಇನ್ನೊಮ್ಮೆ ಹುಡುಕುತ್ತಿದ್ದರು, ಕಣ್ಣಾರೆ ಎಂದದ್ದಕ್ಕೆ ಹುಡುಕುವುದೇ ನಿಂತಿತು. ನೀನು ನೋಡ್ದ್ಯಾ ಅಣ್ಣಾ, ಎಂದಳು, ಅಷ್ಟೇ, ಚೀಲ ತಲೆಕೆಳಗು ಮಾಡಿದಳು, ಒಂದು ಬಾಚಣಿಗೆ, ಅರ್ಧ ಸೋಪು, ಆಮೇಲೆ ತನ್ನ ಕೋಟಿನ ಎರಡೂ ಜೇಬು ಹೊರಕ್ಕೆಳೆದು ತೋರಿಸಿದಳು, ಕರಿಯ ಕೋಟಿನ ಎರಡೂ ಬದಿಗೆ ಬೆಳ್ಳಗೆ ಜೋತಾಡುವ ಬಟ್ಟೆ, ಅದನ್ನು ಒಳಗೆ ಸೇರಿಸಿಕೊಳ್ಳಲೂ ಇಲ್ಲ, ಹಾಗೇ ಇಳಿದು ಹೋದಳು. ಈಗ ಹೊಸ ವಿಸಲ್ ತರಿಸೋಣವೆಂದರೆ ಹೊತ್ತು ತರುವವಳೇ ಇಲ್ಲ. ನಾಚಿಕೆಗೆ ಕಿವಿ ಸುಡುತ್ತದೆ, ಯಾರೂ ನೋಡುತ್ತಿಲ್ಲ, ಮಾಂಸವೊಂದೇ ನೋಡುತ್ತಿದೆ, ಆದರೂ ಸುಡುತ್ತದೆ. ಕೈ ಜೇಬಿನ ಹರಕಿನೊಳಗೆ ಇಳಿದು, ವಿಸಲ್ ಹಿಡಿದು, ಆವಿಯ ಮೇಲೆ ಬಂದು ನಿಂತಿದೆ, ಹಾಕು, ಹಾಕಿಬಿಡು, ಕೂಗಲಿ — ಆಯ್ತೇನೋ ಉಪ್ಪಣ್ಣ, ಹೊರಗಿಂದ ಮೇಸ್ತ್ರಿ. ಆಯ್ತು, ಬಂದೆ. ಕೈ ಮತ್ತೆ ಜೇಬಿಗೆ.

ಬಡಿಸಿದ. ಸಾಹೇಬರು ಒಂದು ತುಂಡನ್ನು ಬಾಯಿಗೆ ಹಾಕಿ, ಜಗಿದು, ಮೆಲ್ಲಗೆ ತಟ್ಟೆಯಂಚಿಗೆ ತೆಗೆದಿಟ್ಟರು. ಮೇಸ್ತ್ರಿ ತೆಗೆದಿಡಲಿಲ್ಲ, ಎಡಗೆನ್ನೆಯಿಂದ ಬಲಗೆನ್ನೆಗೆ, ಬಲದಿಂದ ಎಡಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ, ಕೊನೆಗೆ ಇಡಿಯಾಗಿ ನುಂಗಿ, ಒಂದು ಲೋಟ ನೀರು ಕುಡಿದು, ಸಾರು ಬೊಂಬಾಟಾಗಿದೆ ಕಣೋ, ಮಾಂಸಕ್ಕೆ ನೀನೇನು ಮಾಡ್ತೀಯಾ, ಆ ಕಳ್ಳಿ ವಿಸಲ್ ಎತ್ಕೊಂಡು ಹೋದ್ಲಲ್ಲ, ಅವಳ ಕೈ ಸೇದೋಗ, ನಿನ್ನ ತಪ್ಪಲ್ಲ ಬಿಡಪ್ಪ. ಯಾರಿಗೂ ಕೆಟ್ಟ ಮಾತಾಡದ ಮುದುಕ, ಹೋಗುವ ಹೊತ್ತಿಗೆ ಅವಳಿಗೆ ಶಾಪ ಹಾಕಿ ಹೋಗುತ್ತಿದ್ದಾನೆ, ಹಾಕಿಸಿದವನು ಸೌಟು ಹಿಡಿದು ನಿಂತಿದ್ದಾನೆ. ಹೇಳು, ಈಗ ಹೇಳು, ಬಾಯಿ ತೆರೆದಿದೆ, ಎಲ್ಲರೂ ಇತ್ತಲೇ ನೋಡುತ್ತಿದ್ದಾರೆ — ಇನ್ನೊಂಚೂರು ಸಾರು ಹಾಕ್ಲಾ ಮೇಸ್ತ್ರಿಗಳೇ. ಹಾಕೋ ಹಾಕೋ. ಸಾರು ಬೀಳುತ್ತಿದೆ, ತಟ್ಟೆ ತುಂಬುತ್ತಿದೆ, ಸಾಕೋ ಮಾರಾಯ ಎನ್ನುತ್ತಿದ್ದಾರೆ, ಅವನ ಕಣ್ಣು ಮಾತ್ರ ಆಚೆ ಇಳಿಜಾರಿನ ಮೇಲೆ, ಅಲ್ಲಿ ಯಾರೂ ಇಲ್ಲ, ಇದ್ದಾಳೆ, ಬೆನ್ನು ಹಾಕಿ ಇಳಿಯುತ್ತಿದ್ದಾಳೆ, ಕರಿಯ ಕೋಟು, ಎಡಕ್ಕೊಂದು, ಬಲಕ್ಕೊಂದು, ಹೊರಗೆ ಎಳೆದ ಜೇಬು, ಬೆಳ್ಳಗೆ, ಖಾಲಿ, ಗಾಳಿಗೆ ಅಲ್ಲಾಡುತ್ತ, ಆ ಜೇಬು —